ಪುದಿಯಾಪ್ಲೆಯ ಲೆದರ್ ಕೋಟು

ಕುಂಜತ್ತೂರಿನ ಸೆಕೆಯಲ್ಲಿ ಲೆದರ್ ಕೋಟು ಹಾಕಿ ನಿಲ್ಲುವವನು ಒಂದೋ ಹುಚ್ಚನಿರಬೇಕು, ಇಲ್ಲ ಅಹ್ಮದ್ ಕುಂಞಿಯ ಮಗನಿರಬೇಕು. ಅಶ್ಕರ್ ಹುಚ್ಚನಲ್ಲ. ಬೆಳಿಗ್ಗೆ ಟೆಂಪೋದಲ್ಲಿ ಮೀನಿನ ಲೋಡು ಇಳಿಸಿ ಬಂದು, ಮಿಂದು, ಇನ್ನೇನು ಗಂಜಿಗೆ ಕೂರಬೇಕು ಎನ್ನುವಷ್ಟರಲ್ಲಿ ಅಪ್ಪ ಅವನನ್ನು ಜಗಲಿಯಲ್ಲಿ ಹಿಡಿದು ನಿಲ್ಲಿಸಿದ್ದ. 2011ರ ಅಕ್ಟೋಬರ್. ಮಳೆ ಹೋಗಿ ಬಿಸಿಲು ಬೆನ್ನು ಸುಡುವ ದಿನಗಳು.

ಮೇಜಿನ ಮೇಲೆ ಮೂರು ಅರೆಕೋಟುಗಳಿದ್ದವು. ತೋಳಿಲ್ಲ, ಒಳಬಟ್ಟೆ ಇಲ್ಲ, ಬರೀ ಬೆನ್ನು ಮತ್ತು ಎರಡು ಮುಂಭಾಗ, ಬಿಳಿ ನೂಲಿನಲ್ಲಿ ಉದ್ದುದ್ದ ಹೊಲಿಗೆ. ಒಂದೇ ಅಳತೆ, ಒಂದೇ ಕತ್ತರಿ. ಚರ್ಮ ಮಾತ್ರ ಬೇರೆ ಬೇರೆ.

"ಕೈ ಇಳಿಬಿಡು. ಉಸಿರು ಬಿಡು. ನೀನು ಪೊಲೀಸ್ ಪರೇಡಿಗೆ ನಿಂತದ್ದಲ್ಲ."

"ಉಪ್ಪ, ಹಸಿವಾಗ್ತದೆ."

"ಗಂಜಿ ಎದ್ದು ಓಡಿಹೋಗುವುದಿಲ್ಲ."

ಮೊದಲು ಕೋಣದ ಚರ್ಮದ್ದು. ಅದು ಹೆಗಲಿನಿಂದ ಕೆಳಗೆ ಬಾಗಿಲ ಹಲಗೆಯಂತೆ ನಿಂತಿತು. ಅಶ್ಕರ್ ಕೈ ಎತ್ತಿದರೆ ಇಡೀ ಕೋಟೇ ಎದ್ದು ಅವನ ಕಿವಿಗೆ ತಾಗಿತು. ಎರಡನೆಯದು ಆಡಿನದ್ದು. ಅದು ಚೆನ್ನಾಗಿಯೇ ಇಳಿಯಿತು, ಆದರೆ ಸೊಂಟದ ಹತ್ತಿರ ಹಟ ಹಿಡಿದು ಹೊರಕ್ಕೆ ಪುಟಿಯಿತು. ಅಹ್ಮದ್ ಕುಂಞಿ ಅಂಗೈಯಿಂದ ಒತ್ತಿದ, ಬಿಟ್ಟ; ಮತ್ತೆ ಪುಟಿಯಿತು. ಮೂರನೆಯ ಕಂದು ಕೋಟನ್ನು ಹೊದಿಸಿದಾಗ ಮಾತ್ರ ಅವನು ಎರಡು ಹೆಜ್ಜೆ ಹಿಂದೆ ಸರಿದು ಗಡ್ಡ ನೀವಿಕೊಂಡ. ಅದು ಹೆಗಲಿನಿಂದ ಇಳಿದು, ಬೆನ್ನಿನ ಹಳ್ಳದಲ್ಲಿ ಒಂದು ಗಳಿಗೆ ತಂಗಿ, ಸೊಂಟಕ್ಕೆ ಒದ್ದೆ ಲುಂಗಿಯ ಹಾಗೆ ಬಂದು ಕೂತಿತು. ಅಶ್ಕರ್ ತಿರುಗಿದರೆ ತಿರುಗಿತು, ಬಗ್ಗಿದರೆ ಬಗ್ಗಿತು.

"ನೋಡು ಬೀವಿ, ನೋಡು! ಹೇಗೆ ಬಿತ್ತು! ಇದನ್ನು ಹೊಲಿಯುವುದೇ ಬೇಡ, ತಾನಾಗಿ ಕೋಟು ಆಗ್ತದೆ."

ಹೆಂಡತಿ ಬೀವಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ಚಂದ ಉಂಟು. ಇನ್ನು ಆ ಮಗುವನ್ನು ಉಣ್ಣಲಿಕ್ಕೆ ಬಿಡಿ" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಸೊಸೆ ರಸೀನಾ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. "ಬಿಡಿ ಮಾಮಿ. ಬೆವರುವುದು ನನ್ನ ಗಂಡ, ಹಾಕುವುದು ಪುದಿಯಾಪ್ಲೆ. ಈ ಮನೆಯಲ್ಲಿ ಮಗ ಅಂದರೆ ಅಂಗಡಿಯ ಗೊಂಬೆ."

ಅದು ಸುಳ್ಳಲ್ಲ. ಕೋಟು ಅಳಿಯ ಶಫೀಕನಿಗೆ. ಕರಾವಳಿಯ ಬ್ಯಾರಿ ಮನೆಗಳಲ್ಲಿ ಪುದಿಯಾಪ್ಲೆ, ಅಂದರೆ ಮಗಳ ಗಂಡ, ಹೆಂಡತಿಯ ಮನೆಗೇ ಬಂದುಹೋಗುವ ಕ್ರಮ. ಅವನಿಗೆಂದೇ ಒಂದು ಕೋಣೆ, ಅವನು ಬಂದ ದಿನ ಕರಿದ ಅಕ್ಕಿರೊಟ್ಟಿ ನೈಪತ್ತಿರಿ, ಕೋಳಿ, ಊಟಕ್ಕೆ ಅವನ ಜೊತೆ ಮನೆಯ ಹಿರಿಯ ಗಂಡಸು ಕೂರಲೇಬೇಕು. ಶಿರಿಯದ ಶಫೀಕ್ ಮಡಿಕೇರಿಯಲ್ಲಿ ಬೇಕರಿ ಇಟ್ಟಿದ್ದ. ಗುರುವಾರ ಸಂಜೆ ಬೈಕಿನಲ್ಲಿ ಘಾಟಿ ಇಳಿದು, ಸುಳ್ಯ, ಪುತ್ತೂರು, ಬಾಯಾರಿನ ಮೇಲೆ ಬಂದು, ಶುಕ್ರವಾರದ ಜುಮಾ ನಮಾಜು ಮುಗಿಸಿ, ಶನಿವಾರ ಬೆಳಿಗ್ಗೆ ಹೋಗುತ್ತಿದ್ದ. ಒಂದು ವಾರ ಚಳಿಗೆ ಹಲ್ಲು ಕಟಕಟಿಸುತ್ತ ಬಂದವನನ್ನು ನೋಡಿ ಮಗಳು ಶಹನಾಝ್ ಅತ್ತಳು. ಅಷ್ಟು ಸಾಕಾಯಿತು ಅಹ್ಮದ್ ಕುಂಞಿಗೆ.

ಸಾಕಾಗದೆ ಏನು! ಇಪ್ಪತ್ತೆರಡು ವರ್ಷ ದುಬೈಯ ದೇರಾದಲ್ಲಿ ಲೆದರ್ ಕೋಟಿಗೆ ಕತ್ತರಿ ಹಿಡಿದ ಕೈ ಅದು. ರಷ್ಯದವರು ಬಂದು ಒಬ್ಬೊಬ್ಬರು ಹತ್ತು ಹತ್ತು ಕೋಟು ಹೊತ್ತುಕೊಂಡು ಹೋಗುತ್ತಿದ್ದ ಕಾಲ. ಊರಿಗೆ ಮರಳಿದ ಮೇಲೆ ಆ ಕೈಗೆ ಸಿಕ್ಕಿದ್ದು ಬೈಕಿನ ಸೀಟು, ಹರಿದ ಶಾಲೆ ಬ್ಯಾಗು. ಅಲ್ಲಿನ ಮಾಸ್ತರ, ಪೇಶಾವರದ ಮುದುಕ, ಒಂದು ಮಾತು ಕಲಿಸಿದ್ದ: ಚರ್ಮದ ಹೆಸರು ಕೇಳಬೇಡ, ಎತ್ತಿ ಕೈಬಿಡು, ಬೀಳುವಾಗ ಅದೇ ತನ್ನ ಹೆಸರು ಹೇಳುತ್ತದೆ. ಈ ಮಾತನ್ನು ಅಹ್ಮದ್ ಕುಂಞಿ ಕುಂಜತ್ತೂರಿನಲ್ಲಿ ಕೇಳದವರಿಗೂ ಹೇಳಿದ್ದ. ಕಣ್ಣು ಮಂಜಾಗಿ ನಾಲ್ಕು ವರ್ಷವಾದರೂ ಕನ್ನಡಕ ಹಾಕಲು ಒಪ್ಪಿರಲಿಲ್ಲ. ಕತ್ತರಿಯವನಿಗೆ ಕನ್ನಡಕ ಬಂತೆಂದರೆ ಗಿರಾಕಿ ಹೋದ ಹಾಗೆ ಎನ್ನುತ್ತಿದ್ದ.

ಚರ್ಮ ತಂದದ್ದು ಮಂಗಳೂರಿನ ಬಂದರಿನ ಚೆನ್ನಯ್ಯನ ಗೋದಾಮಿನಿಂದ. ಹೊರದೇಶಕ್ಕೆ ಚಪ್ಪಲಿ, ಬ್ಯಾಗು ಮಾಡುವ ಕಡೆ ಉಳಿದ ಚರ್ಮದ ಕಟ್ಟುಗಳು ಅಲ್ಲಿ ರಾಶಿ ಬೀಳುತ್ತವೆ. ಅಹ್ಮದ್ ಕುಂಞಿ ಒಂದೊಂದನ್ನೇ ಎತ್ತಿ ಕೈಬಿಟ್ಟು ನೋಡುತ್ತ ಹೋದ. ಮೂಲೆಯ ಕಟ್ಟಿನ ಕಂದು ಚರ್ಮಕ್ಕೆ ಕೈ ಹಾಕಿದಾಗ ಚೆನ್ನಯ್ಯ, "ಸಾಹೇಬ್ರೇ, ಆ ಕಟ್ಟು ಎಂತದ್ದು ಅಂತ ಹೇಳಿದ್ರೆ" ಎಂದು ಬಾಯಿ ತೆಗೆದಿದ್ದ.

"ನೀನು ನನಗೆ ಚರ್ಮದ ಹೆಸರು ಹೇಳ್ತೀಯಾ ಮಾರಾಯ? ನೀನು ಹುಟ್ಟುವ ಮೊದಲು ಕತ್ತರಿ ಹಿಡಿದವ ನಾನು. ಕಟ್ಟು."

ಚೆನ್ನಯ್ಯ ಕಟ್ಟಿದ.

ಕೋಟು ಹತ್ತು ದಿನದಲ್ಲಿ ತಯಾರಾಯಿತು. ಶಫೀಕ್ ಸಂಕೋಚದ ಮನುಷ್ಯ. ಹಾಕಿಕೊಂಡು ಕನ್ನಡಿಯ ಎದುರು ನಿಂತು, "ಇಷ್ಟೆಲ್ಲ ಎಂತಕ್ಕೆ ಮಾಮ" ಎಂದವನು ಕೈಯನ್ನು ಮಾತ್ರ ತೋಳಿನ ಮೇಲಿಂದ ತೆಗೆಯಲಿಲ್ಲ. ಶಹನಾಝ್ ಬಾಗಿಲ ಮರೆಯಿಂದ ನೋಡಿ ನಕ್ಕಳು. ಘಾಟಿಯ ಚಳಿಗೆ ಹೊಲಿದ ಕೋಟು ಅಲ್ಲಿಗೇ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ನಿಲ್ಲಲು ಅಹ್ಮದ್ ಕುಂಞಿ ಬಿಡಬೇಕಲ್ಲ!

"ನಾಳೆ ಜುಮಾಕ್ಕೆ ಹಾಕಿಕೊಂಡೇ ಬನ್ನಿ ಪುದಿಯಾಪ್ಲೆ."

"ಮಾಮ, ಮಧ್ಯಾಹ್ನದ ಸೆಕೆ..."

"ಮಸೀದಿಯಲ್ಲಿ ಫ್ಯಾನು ಉಂಟು."

ಹೀಗೆ ನಾಲ್ಕು ಶುಕ್ರವಾರ ಶಫೀಕ್ ಬೆವರಿನಲ್ಲಿ ಬೆಂದು ಮಸೀದಿಗೆ ಹೋದ. ಮಾವ ಪಕ್ಕದಲ್ಲಿ ನಡೆಯುತ್ತ, ಸಿಕ್ಕಿದವರ ಕೈ ಹಿಡಿದು ಎಳೆದು, "ಮುಟ್ಟಿ ನೋಡು, ಬೆನ್ನಲ್ಲಿ ಹೇಗೆ ಬಿದ್ದಿದೆ ನೋಡು" ಎಂದು ತೋರಿಸಿದ.

ಇತ್ತ ರಸೀನಾಳ ಮುಖ ಬಿಗಿಯಾಗಿಯೇ ಇತ್ತು. ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು, ಕೇಳಿದರೆ "ಗೊಂಬೆಯ ಹೆಂಡತಿಗೆ ರುಚಿ ಎಲ್ಲಿ ಗೊತ್ತಾಗ್ತದೆ" ಎಂಬ ಉತ್ತರ ಬರುತ್ತಿತ್ತು. ಬೀವಿಯೇ ಗಂಡನಿಗೆ ಹೇಳಿದಳು, ಉಳಿದ ಚೂರಿನಲ್ಲಿ ಅವಳಿಗೂ ಏನಾದರೂ ಮಾಡಿಕೊಡಿ ಎಂದು. ಅಹ್ಮದ್ ಕುಂಞಿ ಒಂದು ಪರ್ಸು ಹೊಲಿದುಕೊಟ್ಟ. ಸೊಸೆ ಕರಗಿದಳು. ಎರಡು ದಿನ ಮೀನಿನ ತಲೆ ಮಾವನ ತಟ್ಟೆಗೇ ಬಂತು.

ಮೂರನೆಯ ದಿನ ರಸೀನಾ ಕಿಟಕಿಯ ಬೆಳಕಿನಲ್ಲಿ ಪರ್ಸು ತಿರುಗಿಸುತ್ತ, "ಮಾಮ, ಈ ಡಿಸೈನ್ ನೀವೇ ಮಾಡಿದ್ದಾ?" ಎಂದಳು.

"ಎಂತ ಡಿಸೈನ್?"

"ಚುಕ್ಕಿ. ಇಡೀ ಉಂಟು. ಮೂರು ಮೂರು ಚುಕ್ಕಿ, ಸಾಲಾಗಿ. ಸೂಜಿಯಲ್ಲಿ ಚುಚ್ಚಿದ ಹಾಗೆ."

ಅಹ್ಮದ್ ಕುಂಞಿ ಚಹಾ ಕೆಳಗಿಟ್ಟ. ಬೀವಿ ಕುರ್‌ಆನ್ ಓದಲು ಇಟ್ಟುಕೊಂಡಿದ್ದ ಕನ್ನಡಕವನ್ನು ಕಪಾಟಿನಿಂದ ತೆಗೆದು, ಮೊದಲ ಸಲ ಮೂಗಿಗೇರಿಸಿ, ಪರ್ಸನ್ನು ಬೆಳಕಿಗೆ ಹಿಡಿದ. ಮೂರು. ಮೂರು. ಮತ್ತೆ ಮೂರು. ರೋಮದ ತೂತುಗಳು, ಒಟ್ಟಿಗೆ ಮೂರು ಮೂರು. ದೇರಾದಲ್ಲಿ ಕಾರ್ಖಾನೆಯ ಚಾಪೆಯ ಮೇಲೆ ಚಹಾ ಕುಡಿಯುತ್ತ ಕೇಳಿದ ಮಾತು: ಮೂರು ಚುಕ್ಕಿ ಕಂಡರೆ ಕೈ ತೆಗೆ, ಅದು ಹಂದಿ.

ಕೇಳಿದ್ದು, ಅಷ್ಟೆ. ನೋಡಿರಲಿಲ್ಲ. ಪೇಶಾವರದ ಮುದುಕ ಐದು ಹೊತ್ತಿನ ನಮಾಜು ತಪ್ಪಿಸದವನು, ಪ್ರತಿ ಕಟ್ಟನ್ನೂ ಬಾಗಿಲಲ್ಲೇ ತಾನು ಬಿಚ್ಚಿ ನೋಡಿ ಒಳಗೆ ಬಿಡುತ್ತಿದ್ದ. ಇಪ್ಪತ್ತೆರಡು ವರ್ಷ ಆ ಮೇಜಿನ ಮೇಲೆ ಅದು ಬಂದದ್ದೇ ಇಲ್ಲ. ಬಾರದ ಚರ್ಮ ಹೇಗೆ ಬೀಳುತ್ತದೆಂದು ಕೈಗೆ ಗೊತ್ತಾಗುವುದು ಹೇಗೆ?

"ಇದರ ಹೊಲಿಗೆ ಸಡಿಲ ಆಗಿದೆ. ಇಲ್ಲಿ ಕೊಡು."

"ಎಲ್ಲಿ ಸಡಿಲ? ಗಟ್ಟಿ ಉಂಟಲ್ಲ!"

"ಕೊಡು ಅಂದೆ!"

ಪರ್ಸು ಮರಳಿ ಬರಲಿಲ್ಲ. ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತು, ಉಳಿದ ಚೂರುಗಳನ್ನೂ ಹೂತು, ಬಾವಿಕಟ್ಟೆಗೆ ಬಂದು ಅಹ್ಮದ್ ಕುಂಞಿ ಕೈ ತೊಳೆದ. ಒಂದು ಸಲ ಮಣ್ಣು ಕಲಸಿದ ನೀರು, ಆರು ಸಲ ಬರೀ ನೀರು. ನಾಯಿಯೋ ಹಂದಿಯೋ ತಾಗಿದರೆ ಹಾಗೆಯೇ ತೊಳೆಯಬೇಕು, ಮದರಸಕ್ಕೆ ಹೋದ ಮಕ್ಕಳಿಗೂ ಗೊತ್ತು. ಬೀವಿಗೆ ಗೊತ್ತಿಲ್ಲವೇ?

"ಎಂತ, ನಾಯಿ ಮುಟ್ಟಿತಾ?"

"ಹ್ಞೂಂ. ನಾಯಿ."

"ಯಾವ ನಾಯಿ?"

"ನಾಯಿಯ ಹೆಸರು ಕೇಳಿ ಬರಲಾ?"

ಮರುದಿನ ಚೆನ್ನಯ್ಯನಲ್ಲಿಗೆ ಹೋದ. ಇಲ್ಲ ಎನ್ನಲಿ ಎಂಬ ಆಸೆ. ಚೆನ್ನಯ್ಯ ಮುಖ ನೋಡಿಯೇ ತಿಳಿದುಕೊಂಡ.

"ಅವತ್ತು ಹೇಳಲಿಕ್ಕೆ ಬಾಯಿ ತೆಗೆದೆ ಸಾಹೇಬ್ರೇ. ನೀವು ಬಿಡಲಿಲ್ಲ. ಇಷ್ಟು ತಿಳಿದವರು, ಯಾರಾದರೂ ಬೇರೆ ಜಾತಿಯ ಗಿರಾಕಿಗೆ ಇರಬೇಕು ಅಂತ ಸುಮ್ಮನಾದೆ."

ಬೈದಿದ್ದರೆ ಸುಲಭವಿತ್ತು.

ಆ ಗುರುವಾರ ಶಫೀಕ್ ಬಂದಾಗ ಅಹ್ಮದ್ ಕುಂಞಿ ಹೇಳಬೇಕೆಂದೇ ಜಗಲಿಯಲ್ಲಿ ಕಾದಿದ್ದ. ಬೈಕು ನಿಂತಿತು. ಅಳಿಯ ಇಳಿದು, ಸಲಾಂ ಹೇಳಿ, "ಮಾಮ, ಘಾಟಿಯಲ್ಲಿ ಗಾಳಿ ಹೊಡೆದರೂ ಒಂದಿಷ್ಟು ಚಳಿ ಇಲ್ಲ. ನಮ್ಮ ಉಮ್ಮ ಶಿರಿಯದಲ್ಲಿ ಎಲ್ಲರಿಗೂ ಹೇಳಿದ್ದಾರೆ" ಎಂದ. ಶಿರಿಯದವರಿಗೆ ತಿಳಿದರೆ? ಅಳಿಯನಿಗೆ ಹಂದಿ ತೊಡಿಸಿದ ಮನೆ ಎಂದರೆ ಶಹನಾಝಳ ಗತಿ ಏನು?

"ಜಿಪ್ಪು ಸ್ವಲ್ಪ ನೋಡ್ಬೇಕು. ಬಿಚ್ಚಿ ಕೊಡಿ."

"ಸರಿ ಉಂಟು ಮಾಮ."

ಬೆಳಿಗ್ಗೆ ಕೋಟನ್ನು ಕೋಲಿನ ತುದಿಯಲ್ಲಿ ಎತ್ತಿ ಅಕ್ಕಿಡ್ರಮ್ಮಿನ ಹಿಂದೆ ಅಡಗಿಸಿಟ್ಟ. ಮಸೀದಿಯಲ್ಲಿ ಬಾಂಗ್ ಕೂಗುವ ಹೊತ್ತಿಗೆ ಬೀವಿ ಅದನ್ನು ಹುಡುಕಿ, ಧೂಳು ಕೊಡವಿ, ಪುದಿಯಾಪ್ಲೆಯ ಕೈಗೆ ಕೊಟ್ಟುಬಿಟ್ಟಿದ್ದಳು. ಐದನೆಯ ಶುಕ್ರವಾರ. ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಾಗ ಆ ತೋಳು ಇವನ ತೋಳಿಗೆ ಮೆತ್ತಗೆ ಒರಗಿತ್ತು.

ಮುಂದಿನ ವಾರ ಮಸೀದಿಯ ಉಸ್ತಾದರನ್ನು ಮೂಲೆಗೆ ಕರೆದು ಕೇಳಿದ. "ಉಸ್ತಾದರೇ, ಬಾಯಾರಿನಲ್ಲಿ ನಮ್ಮ ಪರಿಚಯದ ಒಬ್ಬರಿಗೆ ಹೀಗಾಗಿದೆ..."

ಉಸ್ತಾದರು ಎಲ್ಲ ಕೇಳಿ, "ಗೊತ್ತಿಲ್ಲದೆ ತೊಟ್ಟವನ ಮೇಲೆ ದೋಷ ಇಲ್ಲ. ಗೊತ್ತಾದ ಮೇಲೆ ಆ ನಮಾಜುಗಳನ್ನು ಮತ್ತೆ ಮಾಡ್ಬೇಕು. ಜುಮಾದ ಬದಲು ಮಧ್ಯಾಹ್ನದ ಲುಹರ್" ಎಂದರು. ಹೋಗುತ್ತ ತಿರುಗಿ, "ಬಾಯಾರಿನ ಆ ಮನುಷ್ಯನಿಗೆ ಬೇಗ ಹೇಳಲಿಕ್ಕೆ ಹೇಳಿ. ದಿನ ಹೋದಷ್ಟು ಅವರ ತಲೆಯ ಮೇಲೆ ಭಾರ" ಎಂದರು. ಅವರ ಕಣ್ಣು ನೋಡಲು ಅಹ್ಮದ್ ಕುಂಞಿಗೆ ಆಗಲಿಲ್ಲ.

ಆ ಗುರುವಾರ ಅಹ್ಮದ್ ಕುಂಞಿ ಹೊಟ್ಟೆ ಸರಿ ಇಲ್ಲವೆಂದು ಅಳಿಯನ ಜೊತೆ ಊಟಕ್ಕೆ ಕೂರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಪುದಿಯಾಪ್ಲೆ ದೊಡ್ಡ ತಟ್ಟೆಯ ಎದುರು ಒಬ್ಬನೇ ಕೂತು, ಕೋಳಿಯ ಒಂದು ತುಂಡು ಮುರಿದು, ಕೈ ತೊಳೆದ. ಎರಡು ಶುಕ್ರವಾರವೂ ಕೋಟು ಮಸೀದಿಗೆ ಹೋಯಿತು. ಎರಡು ಶುಕ್ರವಾರವೂ ಮಾವ ಪಕ್ಕದಲ್ಲಿ ನಿಂತ. ಎರಡನೆಯ ವಾರದ ಶನಿವಾರ ಬೆಳಿಗ್ಗೆ ಬೈಕು ಹೊರಡುವಾಗ, ಇನ್ನು ತಡೆಯಲಾರದೆ, "ಆ ಕೋಟು ಇಲ್ಲೇ ಇಟ್ಟು ಹೋಗಿ" ಎಂದುಬಿಟ್ಟ. ದನಿ ಒರಟಾಯಿತು. ಶಫೀಕ್ ಒಂದು ಗಳಿಗೆ ನೋಡಿ, "ಕೊಟ್ಟದ್ದು ನಿಮಗೆ ಭಾರ ಆಯ್ತಾ ಮಾಮ?" ಎಂದ. ಕೋಟು ಹಾಕಿಕೊಂಡೇ ಹೋದ.

ಮರುವಾರ ಗುರುವಾರ ಬೈಕು ಬರಲಿಲ್ಲ. ನೈಪತ್ತಿರಿ ಬುಟ್ಟಿಯಲ್ಲಿ ಆರಿತು. ಫೋನಿನಲ್ಲಿ ಶಫೀಕ್, ಬೇಕರಿಯಲ್ಲಿ ಕೆಲಸ ಉಂಟು ಎಂದನಂತೆ.

ಶನಿವಾರ ಶಹನಾಝ್ ಅಂಗಳದಲ್ಲಿಯೇ ಬೊಬ್ಬೆ ಹೊಡೆದಳು. "ಉಪ್ಪ, ನಿಮಗೆ ಎಂತ ಆಗಿದೆ? ನನ್ನ ಗಂಡ ಎಂತ ಮಾಡಿದ್ದು? ಊರಿಡೀ ಮೆರವಣಿಗೆ ಮಾಡಿಸಿ ಈಗ ವಾಪಸು ಕೇಳುವುದಾ? ನಾಳೆ ಅವರು ನನ್ನನ್ನೂ ವಾಪಸು ಕೊಟ್ಟರೆ?"

ಒಳಗಿನಿಂದ ರಸೀನಾ ಹೇಳಿದಳು: "ನನ್ನ ಪರ್ಸು ಎರಡು ದಿನ. ಪುದಿಯಾಪ್ಲೆಗೆ ಎರಡು ತಿಂಗಳು ಸಿಕ್ಕಿತಲ್ಲ, ಸಂತೋಷ ಪಡಿ."

"ಬಾಯಿ ಮುಚ್ಚು ರಸೀನಾ!" ಎಂದ ಅಶ್ಕರ್.

"ನೀವು ನಿಂತುಕೊಳ್ಳಿ, ಇನ್ನೊಂದು ಕೋಟು ಹೊದಿಸ್ತಾರೆ."

ಮಾವ ಎಲ್ಲ ಕೇಳಿಸಿಕೊಂಡು ಬಾವಿಕಟ್ಟೆಯಲ್ಲಿ ಕೂತಿದ್ದ. ಬೀವಿ ಬಂದು ಎದುರು ನಿಂತಳು.

"ಒಂದು ಮಾತು ಕೇಳ್ತೇನೆ. ಮೂರು ವಾರದಿಂದ, ಶುಕ್ರವಾರ ಮಸೀದಿಯಿಂದ ಬಂದ ಕೂಡಲೇ ಮಣ್ಣು ಹಾಕಿ ಕೈ ತೊಳೀತೀರಿ. ವಾರ ವಾರ ಶುಕ್ರವಾರವೇ ನಿಮ್ಮನ್ನು ಮುಟ್ಟುವ ಆ ನಾಯಿ ಯಾವುದು?"

ಅವನು ನೆಲ ನೋಡುತ್ತ ಎಲ್ಲ ಹೇಳಿದ. ಬೀವಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

"ಹೇಳಿದರೆ ಮರ್ಯಾದೆ ಹೋಗ್ತದೆ ಬೀವಿ. ನಲ್ವತ್ತು ವರ್ಷದ ಹೆಸರು."

"ನಿಮ್ಮ ಮರ್ಯಾದೆ ಉಳಿಸಲಿಕ್ಕೆ ಅವನ ನಮಾಜು ಹೋಗ್ತಾ ಉಂಟು. ಯಾವುದು ದೊಡ್ಡದು? ನಾಳೆ ಮಡಿಕೇರಿಗೆ ಹೋಗಿ. ಮೊದಲು ಒಳಗೆ ಹೋಗಿ ಆ ಹುಡುಗಿಗೆ ಹೇಳಿ, ಅವಳೂ ಕೈ ತೊಳೆಯಲಿ."

ರಸೀನಾ ಕೇಳಿ ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಮಾವನ ಮುಖ ನೋಡಿದಳು. "ಅದಕ್ಕಾ ಮಾಮ? ನಾನು ನೀವು ಸಣ್ಣ ಮನಸ್ಸಿನವರು ಅಂತ ತವರಲ್ಲೆಲ್ಲ ಹೇಳಿ ಬಂದೆ." ಮರುದಿನ ನಸುಕಿಗೆ ಎದ್ದು ಬುತ್ತಿ ಕಟ್ಟಿಕೊಟ್ಟವಳು ಅವಳೇ.

ಬಸ್ಸು ಬದಲಿಸಿ ಬದಲಿಸಿ ಮಡಿಕೇರಿ ತಲುಪುವಾಗ ಮಧ್ಯಾಹ್ನ ದಾಟಿತ್ತು. ಬುತ್ತಿ ಬಿಚ್ಚಿರಲಿಲ್ಲ. ಬೇಕರಿಯ ಗಾಜಿನ ಹಿಂದೆ ಶಫೀಕ್ ಬನ್ನು ಜೋಡಿಸುತ್ತಿದ್ದ. ಮಾವನನ್ನು ಕಂಡು ಗಾಬರಿಯಿಂದ ಹೊರಗೆ ಬಂದ.

"ಮಾಮ! ಶಹನಾಝ್...?"

"ಅವಳಿಗೆ ಎಂತ ಇಲ್ಲ. ಆ ಕೋಟು ಹಂದಿಯದ್ದು."

ದಾರಿಯುದ್ದಕ್ಕೂ ಕಟ್ಟಿದ ಮಾತುಗಳೆಲ್ಲ ಹೋಗಿ ಅಷ್ಟೇ ಬಂತು. ಮತ್ತೆ ಚೂರುಚೂರಾಗಿ ಉಳಿದದ್ದನ್ನು ಹೇಳಿದ. ಚೆನ್ನಯ್ಯ ಬಾಯಿ ತೆಗೆದದ್ದು, ತಾನು ಮುಚ್ಚಿಸಿದ್ದು, ಚುಕ್ಕಿ, ಪರ್ಸು. ಶಫೀಕ್ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕೋಟನ್ನು ನೋಡಿದ. ಮುಟ್ಟಲಿಲ್ಲ. ಬೆರಳು ಮಡಿಸಿ ಲೆಕ್ಕ ಹಾಕಿದ.

"ಏಳು ಜುಮಾ. ಬರುವಾಗ ಸಂಜೆ ಸುಳ್ಯದಲ್ಲಿ ಅಸರ್ ಮಾಡ್ತಿದ್ದೆ, ಮೊದಲ ವಾರ ಬಿಟ್ಟು ಅದು ಆರು. ಹೊತ್ತು ಕಂತಿದ ಮೇಲೆ ಮಗ್ರಿಬ್ ಪುತ್ತೂರಿನಲ್ಲಿ." ಆಮೇಲೆ ಮಾವನ ಕಡೆ ತಿರುಗಿ ಕೇಳಿದ: "ನಿಮಗೆ ಗೊತ್ತಾದದ್ದು ಯಾವಾಗ ಮಾಮ?"

ಈ ಪ್ರಶ್ನೆ ಬಾರದಿರಲಿ ಎಂದು ಸಂಪಾಜೆ ಘಾಟಿಯ ತಿರುವುಗಳಲ್ಲೆಲ್ಲ ಅಹ್ಮದ್ ಕುಂಞಿ ಬೇಡಿಕೊಂಡಿದ್ದ.

"ನಾಲ್ಕು ಜುಮಾ ಆದ ಮೇಲೆ."

"ಹಾಗಾದರೆ ಮೂರು ಜುಮಾ ನೀವು ಗೊತ್ತಿದ್ದೂ ನನ್ನ ಪಕ್ಕದಲ್ಲಿ ನಿಂತಿದ್ದಿರಿ."

"ಹೌದು."

"ನನ್ನ ಹೆಗಲಿಗೆ ತಾಗಿ."

"ಹೌದು ಮೋನೇ."

"ಚರ್ಮ ಗೊತ್ತಾಗಲಿಲ್ಲ, ಅದು ಯಾರಿಗೂ ಆಗ್ತದೆ. ಕಣ್ಣು ನನಗೂ ಹೋಗಬಹುದು." ಶಫೀಕನ ದನಿ ಏರಲಿಲ್ಲ. ಏರಿದ್ದರೆ ಮಾವನಿಗೆ ತಲೆ ಎತ್ತಲಾದರೂ ಆಗುತ್ತಿತ್ತು. "ಆ ಮೂರು ನಾನು ಯಾರಲ್ಲಿ ಕೇಳ್ಬೇಕು ಮಾಮ?"

ಶಫೀಕ್ ಕೋಲಿನಿಂದ ಕೋಟು ಇಳಿಸಿ ಹಿತ್ತಲಲ್ಲಿ ಹೂತು ಬಂದ. ಹಿಂದಿನ ನಲ್ಲಿಯಲ್ಲಿ ಮಿಂದು, ಬಟ್ಟೆ ಬದಲಿಸಿ, ಕೈಕಾಲು ಮುಖ ತೊಳೆದು ವುಳೂ ಮಾಡಿ, ಒಳಕೋಣೆಯಲ್ಲಿ ಚಾಪೆ ಹಾಸಿದ. "ಗಿರಾಕಿ ಬಂದರೆ ಸ್ವಲ್ಪ ನಿಲ್ಲಲಿಕ್ಕೆ ಹೇಳಿ" ಎಂದು ಪರದೆ ಎಳೆದ.

ಅಹ್ಮದ್ ಕುಂಞಿ ಬೇಕರಿಯ ಬೆಂಚಿನಲ್ಲಿ ಕೂತ. ಹೊರಗೆ ಮಂಜು ಇಳಿಯುತ್ತಿತ್ತು. ಪರದೆಯ ಸಂದಿನಿಂದ ಅಳಿಯನ ಹಿಮ್ಮಡಿ ಕಾಣುತ್ತಿತ್ತು; ನಿಂತಿತು, ಬಾಗಿತು, ಕೂತಿತು. ನಾಲ್ಕು ರಕಾತ್ ಮುಗಿದು ಸಲಾಂ. ಮತ್ತೆ ಎದ್ದಿತು. ಒಂದು. ಎರಡು. ಮೂರನೆಯ ನಮಾಜಿನ ನಡುವೆ ಒಬ್ಬ ಆಟೋದವನು ಟೋಪಿ ಸರಿಪಡಿಸುತ್ತ ಒಳಗೆ ಬಂದ.

"ಒಂದು ಬ್ರೆಡ್ಡು. ಶಫೀಕ್ ಇಲ್ಲವಾ?"

"ಸ್ವಲ್ಪ ನಿಲ್ಲಿ. ನಮಾಜಿನಲ್ಲಿದ್ದಾರೆ."

ಆಟೋದವನು ಗೋಡೆಯ ಗಡಿಯಾರ ನೋಡಿದ, ಪರದೆ ನೋಡಿದ. "ಈಗ ಯಾವ ನಮಾಜು ಕಾಕ? ಲುಹರ್ ಮುಗಿದು ಎಷ್ಟು ಹೊತ್ತಾಯ್ತು, ಅಸರಿಗೆ ಇನ್ನೂ ಬಾಂಗ್ ಆಗಲಿಲ್ಲ."

ಪರದೆಯ ಆಚೆ ಅಳಿಯನ ಹಣೆ ನೆಲದಲ್ಲಿತ್ತು. ಸುಳ್ಳುಗಳು ನಾಲ್ಕೈದು ಒಟ್ಟಿಗೆ ನಾಲಿಗೆಯ ತುದಿಗೆ ಬಂದು ನಿಂತವು, ಒಂದಕ್ಕಿಂತ ಒಂದು ಚಂದ. ಅಹ್ಮದ್ ಕುಂಞಿ ಎದ್ದು ನಿಂತ.

"ನಾನು ಹಾಳು ಮಾಡಿದ ನಮಾಜುಗಳು, ಅವರು ಮತ್ತೆ ಕಟ್ತಾ ಇದ್ದಾರೆ" ಎಂದ. "ಕೂತುಕೊಳ್ಳಿ, ಹೇಳ್ತೇನೆ. ಇನ್ನೂ ತುಂಬ ಬಾಕಿ ಉಂಟು."